ಸಕ್ಕರೆಯಿಲ್ಲದ ಸಿಹಿ

ದಕ್ಷಿಣ ಆಫ್ರಿಕದ ಪಶ್ಚಿಮ ಕೇಪ್ ಪ್ರಾಂತದಲ್ಲಿ ಸೀಡರ್‌ಬರ್ಗ್ ಎಂಬ ಬೆಟ್ಟಸಾಲಿದೆ. ಅಲ್ಲಿನ ಮರಳುನೆಲದಲ್ಲಿ ಬೆಳೆಯುವ, ಸೂಜಿಯಂತಹ ಎಲೆಗಳ ಪೊದೆಯೇ ರೂಯಿಬಾಸ್. ಆಫ್ರಿಕಾನ್ಸ್ ಭಾಷೆಯಲ್ಲಿ ಈ ಮಾತಿಗೆ ಕೆಂಪು ಪೊದೆಯೆಂದೇ ಅರ್ಥ. ಚಹಾ ಎಂದು ಕರೆಯುತ್ತಾರಾದರೂ ಇದು ಚಹಾದ ಗಿಡವಲ್ಲ. ಅವರೆ, ತೊಗರಿಗಳ ಕುಲಕ್ಕೆ ಸೇರಿದ್ದು. ಕೊಯ್ದ ಕಡ್ಡಿಗಳನ್ನು ಸಣ್ಣಗೆ ಕತ್ತರಿಸಿ, ಜಜ್ಜಿ, ರಾಶಿ ಹಾಕಿದಾಗ ಗಾಳಿಯ ಸಂಪರ್ಕದಿಂದ ಹಸಿರು ಕೆಂಪಾಗುತ್ತದೆ. ಅನಂತರ ಬಿಸಿಲಿನಲ್ಲಿ ಒಣಗಿಸುತ್ತಾರೆ. ಇದರಲ್ಲಿ ಕೆಫೀನ್ ಇಲ್ಲ. ಆದುದರಿಂದ ರಾತ್ರಿ ಮಲಗುವ ಮುನ್ನ ಕುಡಿಯಲು ಯೋಗ್ಯವೆಂದು ವ್ಯಾಪಾರಿಗಳು ಹೊಗಳುವುದುಂಟು. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ಮನೆಗಳಿಗೆ ಆ ಹೊಗಳಿಕೆಯಿಂದ ಏನು ಬಂತು!

ಈಚೆಗೆ ಈ ಎಲೆಗೆ ಪಾಶ್ಚಾತ್ಯ ಸಿಹಿತಿನಿಸುಗಳ ಪರಿಮಳವನ್ನು ಬೆರೆಸಿ ಮಾರುವ ರೂಢಿ ಬಲವಾಗಿ ಬೆಳೆದಿದೆ. ಅವುಗಳಲ್ಲಿ ಕ್ರೆಮ್ ಬ್ರೂಲೆಯ ಹೆಸರು ಹೊತ್ತದ್ದೊಂದು. ಮೂಲದಲ್ಲಿ ಅದು ಕೆನೆ, ಸಕ್ಕರೆ, ಮೊಟ್ಟೆಯ ಹಳದಿಗಳಿಂದ ಮಾಡಿ, ಮೇಲೆ ಸಕ್ಕರೆಯನ್ನು ಸುಟ್ಟು ಗಾಜಿನಂತೆ ಗಟ್ಟಿಗೊಳಿಸುವ ಫ್ರೆಂಚ್ ಭಕ್ಷ್ಯ. ಚಹಾದ ಪೊಟ್ಟಣದಲ್ಲಿ ಸಾಮಾನ್ಯವಾಗಿ ಮೊಟ್ಟೆಯಿರುವುದಿಲ್ಲ. ಆದರೆ ಸಾಮಾನ್ಯವಾಗಿ ಎಂಬ ಮಾತಿನ ಮೇಲೆ ಶ್ರಾವಕನು ಆಹಾರ ಸೇವಿಸಲಾಗದು. ಕೆಲವದರಲ್ಲಿ ಹಾಲಿನಿಂದ ಮಾಡಿದ ಕ್ಯಾರಮೆಲ್ ತುಣುಕುಗಳಿರುತ್ತವೆ, ಕೆಲವದರಲ್ಲಿ ಶುಂಠಿ. ಪರಿಮಳದ್ರವ್ಯಗಳನ್ನು ಕರಗಿಸಲು ಆಲ್ಕೋಹಾಲ್ ಬಳಸುವ ಪದ್ಧತಿಯೂ ಇದೆ. ಹಸಿರು ಚುಕ್ಕೆಯು ಮೊಟ್ಟೆಯಿಲ್ಲವೆಂದು ಹೇಳೀತು; ಕಂದಮೂಲದ ವಿಷಯವನ್ನು ಅದು ಹೇಳದು. ಪೊಟ್ಟಣದ ಬೆನ್ನಿನ ಮೇಲಿರುವ ಸಣ್ಣ ಅಕ್ಷರಗಳನ್ನು ಓದದೆ ಗತ್ಯಂತರವಿಲ್ಲ.

ಇಷ್ಟೆಲ್ಲ ಪರೀಕ್ಷಿಸಿಯೇ ಒಂದು ಮನೆಯ ಮೊಮ್ಮಗಳು ಚಾತುರ್ಮಾಸದಲ್ಲಿ ಸಿಹಿಯನ್ನು ತ್ಯಜಿಸಿದ್ದ ಅಜ್ಜಿಗೆ ಈ ಪಾನೀಯವನ್ನು ಕಾಸಿ ತಂದಳು. ಸಕ್ಕರೆಯ ಒಂದು ಕಣವೂ ಇಲ್ಲವೆಂಬುದು ಅವಳ ಸಮಾಧಾನ. ಲೋಟದಿಂದ ಹೊಮ್ಮಿದ ವೆನಿಲ್ಲಾ ಮತ್ತು ಸುಟ್ಟ ಸಕ್ಕರೆಯ ಕಂಪು ಪಡಸಾಲೆಯನ್ನೆಲ್ಲ ತುಂಬಿತು. ವೃದ್ಧೆ ಒಂದು ಗುಟುಕು ಕುಡಿದು, ನಾಲಗೆಯ ಮೇಲೆ ಸ್ವಲ್ಪ ಹೊತ್ತು ಹಿಡಿದು, ಲೋಟವನ್ನು ಕೆಳಗಿಟ್ಟರು. “ಮೂಗು ಹಬ್ಬ ಮಾಡುತ್ತಿದೆ, ನಾಲಗೆ ಉಪವಾಸವಿದೆ” ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ.

ಆ ಒಂದು ಮಾತಿನಲ್ಲಿ ರುಚಿಯ ಸಂಪೂರ್ಣ ವಿವರಣೆಯಿದೆ. ಪರಿಮಳವು ಸಿಹಿಯ ಭರವಸೆ ನೀಡುತ್ತದೆ. ಬಾಯಿಗೆ ಬರುವುದು ಒಣಹುಲ್ಲು, ಮರದ ತೊಗಟೆಗಳನ್ನು ನೆನಪಿಸುವ ಒಂದು ಸೌಮ್ಯ ರಸ. ಮಿದುಳು ಎರಡನ್ನೂ ಕೂಡಿಸಿ, ಇಲ್ಲದ ಸಕ್ಕರೆಯನ್ನು ತಾನೇ ಜಮಾ ಬರೆದುಕೊಳ್ಳುತ್ತದೆ.

ವ್ರತಭಂಗವಾಯಿತೇ? ಮೊಮ್ಮಗಳ ಪ್ರಶ್ನೆ ನ್ಯಾಯವಾದುದೇ. ಆರು ಬಾಹ್ಯ ತಪಗಳಲ್ಲಿ ನಾಲ್ಕನೆಯದಾದ ರಸಪರಿತ್ಯಾಗವನ್ನು ವಸ್ತುವಿನ ಲೆಕ್ಕದಿಂದ ನೋಡಿದರೆ ಏನೂ ಕೆಟ್ಟಿಲ್ಲ. ಆದರೆ ಜನ್ನನ ‘ಯಶೋಧರ ಚರಿತೆ’ಯಲ್ಲಿ ಬಲಿಯಾದದ್ದೂ ಹಿಟ್ಟಿನ ಕೋಳಿಯೇ. ಜೀವವಿಲ್ಲದ ಆ ಆಕೃತಿಯ ಮೇಲಿನ ಸಂಕಲ್ಪವೇ ತಾಯಿಮಗನನ್ನು ಜನ್ಮಜನ್ಮಗಳಲ್ಲಿ ಅಲೆಸಿತು. ಪರಿಮಳದ ಚಹಾವನ್ನು ಆ ಬಲಿಗೆ ಸಮನೆನ್ನುವುದು ಅತಿಯಾದೀತು; ಫ್ರೆಂಚ್ ಭಕ್ಷ್ಯವನ್ನು ಕಂಡೇ ಇರದ ಹಳ್ಳಿಯ ವೃದ್ಧೆಗೆ ಅದರ ಆಸೆಯಾದರೂ ಎಲ್ಲಿಯದು? ಹೀಗಿದ್ದರೂ ಸಿಹಿಯನ್ನು ಬಿಟ್ಟವರಿಗಾಗಿಯೇ ಸಿಹಿಯ ಛಾಯೆಯನ್ನು ಹುಡುಕಿ ತರುವ ಜಾಣ್ಮೆಯಲ್ಲಿ, ಪ್ರೀತಿಯ ಜೊತೆಗೆ, ತ್ಯಾಗದ ಬಗೆಗಿನ ಒಂದು ಅಪನಂಬಿಕೆಯೂ ಅಡಗಿದೆ. ಬಿಟ್ಟವರಿಗಿಂತ ಬಿಡದವರಿಗೇ ಅದರ ಕೊರತೆ ಹೆಚ್ಚು ಕಾಡುತ್ತದೆ.

ಮರುದಿನ ಪರಿಮಳ ಬೆರೆಸದ ಎಲೆಯನ್ನು ಕುದಿಯುವ ನೀರಿನಲ್ಲಿ ಐದಾರು ನಿಮಿಷ ನೆನೆಸಿ ಕೊಟ್ಟಾಗ ಅಜ್ಜಿ ಇಡೀ ಲೋಟ ಕುಡಿದರು. ಟ್ಯಾನಿನ್ ಕಡಿಮೆಯಿರುವುದರಿಂದ ಎಷ್ಟು ಹೊತ್ತು ನೆನೆದರೂ ಇದು ಚಹಾದಂತೆ ಕಹಿಯಾಗುವುದಿಲ್ಲ. ಹೀಗೆ ತನ್ನಷ್ಟಕ್ಕೆ ತಾನು ಕುಡಿಯಲು ಯೋಗ್ಯವಾದ ಸೊಪ್ಪಿಗೆ ಇನ್ನೊಂದರ ವೇಷವೇಕೆ ಎಂಬುದು ವ್ಯಾಪಾರ ಬಲ್ಲವರಿಗೆ ತಿಳಿಯದ ಸಂಗತಿಯೇನಲ್ಲ. ವೇಷಕ್ಕೆ ಬೆಲೆ ಹೆಚ್ಚು.

ಆ ಬೆಲೆಯ ಲೆಕ್ಕವನ್ನೂ ಒಮ್ಮೆ ನೋಡಬೇಕು. ಈ ಪೊದೆಯ ಗುಣವನ್ನು ಮೊದಲು ಅರಿತವರು ಖೋಯ್ ಮತ್ತು ಸಾನ್ ಜನರು. 1904ರಲ್ಲಿ ಬೆಂಜಮಿನ್ ಗಿನ್ಸ್‌ಬರ್ಗ್ ಎಂಬ ವರ್ತಕ ಇದರ ವ್ಯಾಪಾರ ಆರಂಭಿಸಿದ. 1930ರ ದಶಕದಲ್ಲಿ ವೈದ್ಯ ನಾರ್ಟಿಯೆ ಬೇಸಾಯದ ಕ್ರಮವನ್ನು ರೂಪಿಸಿದರು. ಅರಿವು ಕೊಟ್ಟವರಿಗೆ ಪಾಲು ಒಪ್ಪಂದವಾಗಿ ದೊರೆತದ್ದು 2019ರಲ್ಲಿ: ತೋಟದ ಬಾಗಿಲಿನ ಬೆಲೆಯ ಶೇಕಡಾ 1.5. ಕೊಡದೆ ತೆಗೆದುಕೊಳ್ಳುವುದನ್ನು ಅದತ್ತಾದಾನವೆಂದು ತಿಳಿದವರಿಗೆ ಈ ಅಂಕಿ ಅಲ್ಪವೆನಿಸಿದರೂ, ಏನೂ ಇಲ್ಲದಿದ್ದ ಖಾತೆಯಲ್ಲಿ ಇದೊಂದು ಮೊದಲ ಜಮಾ. ಆದರೆ ಪಾಲನ್ನು ಎಣಿಸುವುದು ಬರಿಯ ಎಲೆಯ ಬೆಲೆಗೆ. ವೆನಿಲ್ಲಾ ಬೆರೆತು, ಬಣ್ಣದ ಪೆಟ್ಟಿಗೆ ಸೇರಿ, ಹಲವು ಪಟ್ಟು ಏರಿದ ಬೆಲೆ ಆ ಲೆಕ್ಕಕ್ಕೆ ಬರುವುದಿಲ್ಲ.