ಎಡಗಾಲಿನ ಬಿಸಿ

ಗುಜರಿಯವನು ಅದನ್ನು ಲಾರಿ ಎಂದು ಕರೆಯಲೇ ಇಲ್ಲ. ‘ಆ ಮಾಲು ಇನ್ನೂ ಕಟ್ ಮಾಡಿಲ್ಲ ಸರ್, ಹಿಂದ ನಿಂತೈತಿ, ನೋಡ್ರಿ’ ಎಂದು ಕೈ ತೋರಿಸಿದ. ಹುಬ್ಬಳ್ಳಿಯ ಹೊರವಲಯ, ಮಧ್ಯಾಹ್ನದ ಬಿಸಿಲು. ಖಾಲಿ ಡ್ರಮ್ಮುಗಳ ಆಚೆ ಲಂಟಾನದ ಪೊದೆಯೊಳಗಿಂದ ಎರಡು ಕಣ್ಣುಗುಳಿಗಳು ಕಂಡವು. ಹೆಡ್‌ಲೈಟು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಮುಂದಿನ ಶೋ ಮೇಲೆ ಲೇಲ್ಯಾಂಡ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕು ಮಾತ್ರ ಉಳಿದಿದ್ದವು. ಮಾಡೆಲ್ಲು ಕಾಮೆಟ್. ನಂಬರ್ ಪ್ಲೇಟು ಎಂವೈ ಎಂದು ಶುರುವಾಗುತ್ತಿತ್ತು. ಅಂದರೆ 1989ರಲ್ಲಿ ಕೆಎ ಬರುವುದಕ್ಕೆ ಎಷ್ಟೋ ಮೊದಲಿನ ಜೀವ.

ನಾನು ಹೋದದ್ದು ಮನೆ ಗೇಟಿಗೆ ಹಳೆಯ ಕಬ್ಬಿಣ ಹುಡುಕಲು. ತೂಕದ ಲೆಕ್ಕದಲ್ಲಿ ಒಂದು ಲಾರಿ ಕೊಂಡು ಬಂದೆ. ಮನೆಯವಳು ಮೂರು ದಿನ ಮಾತಾಡಲಿಲ್ಲ.

ಯಲ್ಲಾಪುರದ ನಮ್ಮ ಬಾಲ್ಯದಲ್ಲಿ ಲಾರಿಗಳಲ್ಲಿ ಎರಡೇ ಜಾತಿ. ಫಾರ್ಗೋ, ಬೆಡ್‌ಫೋರ್ಡ್, ಬೆಂಜ್‌ಗಳಂತೆ ಎಂಜಿನ್ನನ್ನು ಮುಂದೆ ಚಾಚಿಕೊಂಡು ಬರುವವು ಮೂಗಿನ ಲಾರಿ. ಎಂಜಿನ್ನನ್ನು ಒಳಗೇ ನುಂಗಿಕೊಂಡು ಗೋಡೆಯಂತೆ ಬರುವವು ಮೊಂಡು ಲಾರಿ. ಮೂಗಿನದಕ್ಕೆ ಗತ್ತು ಜಾಸ್ತಿ, ಆದರೆ ಘಟ್ಟದ ತಿರುವಿನಲ್ಲಿ ಮೊಂಡಿನದೇ ಕಾರುಬಾರು. ಮೂಗಿಗೆ ಹೋಗುವ ಮೂರ್ನಾಲ್ಕು ಅಡಿ ಮಾಲಿಗೆ ಸಿಗುತ್ತಿತ್ತು. ಚಾಲಕ ಚಕ್ರದ ಮೇಲೆಯೇ ಕೂತಿರುವುದರಿಂದ ರಸ್ತೆಯ ಅಂಚು ಕಾಲ ಕೆಳಗೇ ಕಾಣುತ್ತಿತ್ತು. ಅರಬೈಲು ಘಟ್ಟದಲ್ಲಿ ಅದಕ್ಕೆ ಬೆಲೆ ಇತ್ತು.

ನಮ್ಮ ಪಕ್ಕದ ಮನೆಯ ಡ್ರೈವರ್ ಮಾಮ ಓಡಿಸುತ್ತಿದ್ದದ್ದು ಮೊಂಡು ಲಾರಿ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಹೊಡೆಯುತ್ತಿದ್ದರು. ಮಳೆಗಾಲದಲ್ಲಿ ಕೂಪಿನ ದಾರಿ ಕೆಸರಾದಾಗ ಮಂಗಳೂರಿನಿಂದ ಹಂಚು ತರುತ್ತಿದ್ದರು. ಬೇಸಿಗೆ ರಜೆಯಲ್ಲಿ ಅಂಕೋಲೆಯವರೆಗೆ ನನಗೊಂದು ಟ್ರಿಪ್ಪು ಖಾಯಂ. ನನ್ನ ಜಾಗ ಸೀಟಲ್ಲ, ಚಾಲಕನಿಗೂ ಕ್ಲೀನರಿಗೂ ನಡುವೆ ಉಬ್ಬಿ ನಿಂತ ಎಂಜಿನ್ ಮುಚ್ಚಳ. ಗೋಣಿಚೀಲ, ಅದರ ಮೇಲೆ ಕಂಬಳಿ, ಅದರ ಮೇಲೆ ನಾನು. ಆ ಉಬ್ಬು ಒಂದು ಸಂಸಾರವೇ ಆಗಿತ್ತು. ಚಹದ ಫ್ಲಾಸ್ಕು ಅಲ್ಲಿ, ಒದ್ದೆ ಲುಂಗಿ ಒಣಗುವುದು ಅಲ್ಲಿ, ಬುತ್ತಿಯ ಡಬ್ಬಿ ಬಿಸಿಯಾಗುವುದು ಅಲ್ಲಿ. ರಾತ್ರಿ ಕ್ಲೀನರ್ ಅದನ್ನೇ ಅಪ್ಪಿಕೊಂಡು ಮಲಗುತ್ತಿದ್ದ. ಘಟ್ಟ ಏರುವಾಗ ಗಾಡಿ ನಿಂತರೆ ಅವನೇ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಮರದ ದಿಮ್ಮಿ ಅಡೆ ಕೊಡಬೇಕು. ಇಳಿಯುವಾಗ ಮಾಮನ ಮಂತ್ರ ಒಂದೇ: ಹತ್ತಿದ ಗೇರಿನಲ್ಲೇ ಇಳಿಯಬೇಕು, ಬ್ರೇಕನ್ನು ನಂಬಬಾರದು. ಒಂದೊಂದು ಗೇರಿಗೂ ಎರಡೆರಡು ಸಲ ಕ್ಲಚ್ಚು. ಆ ಎಡಗಾಲು ಕುಣಿಯುವುದನ್ನು ನೋಡುತ್ತಾ ನಾನು ನಿದ್ದೆ ಹೋಗುತ್ತಿದ್ದೆ.

ಆ ಲೇಲ್ಯಾಂಡ್ ಲಾರಿಗಳ ಹುಟ್ಟೇ ವಿಚಿತ್ರ. 1948ರಲ್ಲಿ ಆಸ್ಟಿನ್ ಕಾರು ಜೋಡಿಸಲು ಹುಟ್ಟಿದ ಮದರಾಸಿನ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು, ಕಾರು ಬಿಟ್ಟು ಲಾರಿ ಹಿಡಿಯಿತು. ಆದರೆ ಎಣ್ಣೂರಿನ ಕಾರ್ಖಾನೆಯಿಂದ ಹೊರಬೀಳುತ್ತಿದ್ದವುಗಳಲ್ಲಿ ಹೆಚ್ಚಿನವು ಲಾರಿಯಲ್ಲ, ಅಸ್ಥಿಪಂಜರ. ಬರೀ ಚಾಸಿ, ಎಂಜಿನ್ನು, ಸ್ಟೇರಿಂಗು, ಮುಂದೆ ಒಂದು ತಗಡಿನ ಮುಖವಾಡ. ಬಾಗಿಲಿಲ್ಲ, ಮಾಡಿಲ್ಲ, ಗಾಜಿಲ್ಲ. ಪುಣೆ–ಬೆಂಗಳೂರು ರಸ್ತೆಯಲ್ಲಿ ಅಂಥವು ಸಾಲಾಗಿ ಹೋಗುವುದನ್ನು ನನ್ನ ವಯಸ್ಸಿನವರೆಲ್ಲ ನೋಡಿರುತ್ತೀರಿ. ತಲೆಗೆ ಟವೆಲು ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಯಾವುದೋ ಮರದ ಪೆಟ್ಟಿಗೆಯ ಮೇಲೆ ಕೂತು, ಮಳೆಯಲ್ಲೂ ಗಾಳಿಯಲ್ಲೂ ನೂರಾರು ಮೈಲಿ ಓಡಿಸುತ್ತಿದ್ದ ಆ ಚಾಸಿ ಡ್ರೈವರುಗಳ ಬಗ್ಗೆ ಯಾರಾದರೂ ಬರೆದಿದ್ದಾರೋ ಕಾಣೆ.

ಆ ಪಂಜರಕ್ಕೆ ಮೈ ತುಂಬುತ್ತಿದ್ದವರು ನಮ್ಮೂರಿನ ಆಚಾರಿಗಳು. ತಮಿಳುನಾಡಿನ ನಾಮಕ್ಕಲ್, ತಿರುಚ್ಚೆಂಗೋಡು ಇದಕ್ಕೇ ಹೆಸರಾದವು. ಆದರೆ ಮರ ಇದ್ದ ಕಡೆ, ಕೈ ಇದ್ದ ಕಡೆ ಎಲ್ಲ ಬಾಡಿ ಕಟ್ಟುತ್ತಿದ್ದರು. ನಕ್ಷೆ ಇಲ್ಲ. ನೆಲದ ಮೇಲೆ ಸುಣ್ಣದ ಗೆರೆ, ಒಂದು ದಾರ, ಒಂದು ಮಟ್ಟಗೋಲು. ಮತ್ತಿ, ಹೊನ್ನೆಯ ಚೌಕಟ್ಟು, ಹೊರಗೆ ತಗಡು. ಮುಂದಿನ ಗಾಜು ಎರಡು ತುಂಡು, ಎರಡೂ ಚಪ್ಪಟೆ. ಒಡೆದರೆ ಯಾವ ಊರಿನ ಗಾಜಿನಂಗಡಿಯಲ್ಲೂ ಕತ್ತರಿಸಿ ಕೂರಿಸಬಹುದಾದಂಥದ್ದು. ಗಾಜಿನ ಮೇಲೆ ಅಗಲವಾದ ಹಣೆ, ಹಣೆಯ ಮೇಲೆ ದೇವರ ಹೆಸರು. ಒಬ್ಬ ಆಚಾರಿ ಹಣೆಯನ್ನು ಮುಂದಕ್ಕೆ ಬಾಗಿಸುತ್ತಿದ್ದ, ಇನ್ನೊಬ್ಬ ಬಾಗಿಲಿನ ಕೆಳಗೆ ಸಣ್ಣ ಕಿಟಕಿ ಕೊರೆಯುತ್ತಿದ್ದ. ಎದುರಿನ ತಿರುವಿನಲ್ಲಿ ಮೂತಿ ಕಂಡ ಕೂಡಲೇ ಮಾಮ ‘ಇದು ದಾವಣಗೆರೆ ಕಡೆ ಕೆಲಸ’ ಎನ್ನುತ್ತಿದ್ದರು, ಮನುಷ್ಯರ ಮುಖ ನೋಡಿ ಮನೆತನ ಹೇಳಿದ ಹಾಗೆ.

ನನ್ನ ಲಾರಿಯ ಎಂಜಿನ್ನು ಎದ್ದದ್ದು ಅಚ್ಚರಿಯೇ ಅಲ್ಲ. ಕಬ್ಬಿಣ ಕ್ಷಮಿಸುತ್ತದೆ. ಲೈನರ್ ಬದಲಾಯಿಸಿದೆವು, ಹೆಡ್ಡನ್ನು ಲೇತಿಗೆ ಕೊಟ್ಟೆವು, ಪಂಪನ್ನು ಹುಬ್ಬಳ್ಳಿಗೆ ಕ್ಯಾಲಿಬ್ರೇಷನ್‌ಗೆ ಒಯ್ದೆವು. ಅಂಗಡಿಯ ಮುದುಕರು ಎಲ್ಲ ಪಂಪಿಗೂ ‘ಮೈಕೋ ಪಂಪು’ ಎಂದೇ ಹೇಳುತ್ತಾರೆ. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 1951ರದ್ದು, 2008ರಲ್ಲಿ ಹೆಸರನ್ನು ಬಾಷ್ ಎಂದು ಬದಲಾಯಿಸಿಕೊಂಡಿತು. ಮೆಕ್ಯಾನಿಕ್ಕುಗಳ ಬಾಯಿ ಬದಲಾಗಲಿಲ್ಲ. ಈ ಲಾರಿಯ ಕ್ಯಾಬಿನ್ನು ಈಗಿನವುಗಳಂತೆ ಮುಂದಕ್ಕೆ ಬಗ್ಗುವುದಿಲ್ಲ. ಒಳಗೆ ಕೂತು, ಮುಚ್ಚಳ ಎತ್ತಿ, ಹೊಟ್ಟೆಯೊಳಗೆ ಕೈ ಹಾಕಿಯೇ ಕೆಲಸ. ಮೆಕ್ಯಾನಿಕ್ ಹುಡುಗ ಹ್ಯಾಂಡ್ ಪಂಪು ಒತ್ತಿ ಒತ್ತಿ ಡೀಸೆಲ್ ಪೈಪಿನ ಗಾಳಿ ತೆಗೆದ. ಗುಳ್ಳೆ ನಿಂತು ಎಣ್ಣೆ ಸರಾಗ ಬಂದದ್ದನ್ನು ಕಂಡು ಸೆಲ್ಫ್ ಹೊಡೆದ. ಮೊದಲು ಕೆಮ್ಮು, ಆಮೇಲೆ ಬಿಳಿ ಹೊಗೆ, ಆಮೇಲೆ ಐವತ್ತು ವರ್ಷದ ಹಿಂದಿನ ಆ ಗುಡುಗು. ಓಣಿಯ ನಾಯಿಗಳೆಲ್ಲ ಎದ್ದವು.

ಸೋತದ್ದು ಮರದಲ್ಲಿ. ಕ್ಯಾಬಿನ್ನಿನ ಚೌಕಟ್ಟು ಗೆದ್ದಲು ತಿಂದು ಜರಡಿಯಾಗಿತ್ತು. ಬಾಡಿ ಕಟ್ಟುತ್ತಿದ್ದವರ ಮನೆ ಹುಡುಕಿಕೊಂಡು ಹೋದೆ. ಮಗ ಮಾಡ್ಯುಲರ್ ಕಿಚನ್ ಮಾಡುತ್ತಾನೆ, ಚೆನ್ನಾಗಿ ದುಡಿಯುತ್ತಾನೆ. ‘ಅಪ್ಪ ಇದ್ದಿದ್ದರೆ ಒಂದು ವಾರದ ಕೆಲಸ. ನನಗೆ ಅಳತೆ ಗೊತ್ತಿಲ್ಲ ಮಾರಾಯ್ರೆ’ ಎಂದ. ಅಳತೆ ಯಾರಲ್ಲೂ ಬರೆದಿಟ್ಟಿರಲಿಲ್ಲ. ಕೊನೆಗೆ ಪುಡಿಯಾದ ತುಂಡುಗಳನ್ನೇ ಅಂಗಳದಲ್ಲಿ ಹರಡಿ, ಎಲುಬು ಜೋಡಿಸುವಂತೆ ಜೋಡಿಸಿ, ಅವನೂ ನಾನೂ ಭಾನುವಾರಗಳಲ್ಲಿ ಹೊಸ ಮರ ಕೊಯ್ದೆವು. ಎಡಬಾಗಿಲು ಇವತ್ತಿಗೂ ಸರಿಯಾಗಿ ಮುಚ್ಚುವುದಿಲ್ಲ.

ಅಮೆರಿಕದಲ್ಲೂ ಮೊಂಡು ಲಾರಿ ಕೂಡಿಡುವವರಿದ್ದಾರೆ. ಅಲ್ಲಿ ವಾಹನದ ಉದ್ದಕ್ಕೆ ಮಿತಿ ಇದ್ದಷ್ಟು ಕಾಲ ಅವು ಮೆರೆದವು. 1982ರ ಕಾಯಿದೆ ಹೆದ್ದಾರಿಗಳಲ್ಲಿ ಆ ಮಿತಿ ಸಡಿಲಿಸಿದ ಮೇಲೆ ಮೂಗಿನ ಲಾರಿಗಳೇ ರಸ್ತೆ ತುಂಬಿದವು. ನಮ್ಮಲ್ಲಿ ಉಲ್ಟಾ. ಇಲ್ಲಿ ಗೆದ್ದದ್ದೇ ಮೊಂಡು. ಇಂದು ಅರಬೈಲಿನಲ್ಲಿ ನಿಂತರೆ ಒಂದಾದ ಮೇಲೊಂದು ಅವೇ ಬರುತ್ತವೆ, ಒಂದೇ ಅಚ್ಚಿನ ಮುಖ ಹೊತ್ತು. ಇದು ಯಾವ ಊರಿನ ಕೆಲಸ ಎಂದು ಹೇಳಲು ಬಾರದು.

ಕಾಗದದ ವ್ಯವಹಾರದ ಬಗ್ಗೆ ಹೆಚ್ಚು ಹೇಳಲಾರೆ, ರಕ್ತದೊತ್ತಡ ಏರುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿದೆ: ಐವತ್ತು ವರ್ಷ ದಾಟಿದ ಎರಡು ಮತ್ತು ನಾಲ್ಕು ಚಕ್ರದ ವಾಹನಗಳು, ವಾಣಿಜ್ಯ ಓಡಾಟ ಕೂಡದು, ಮೂಲರೂಪ ಕೆಟ್ಟಿರಬಾರದು. ಮಹಾರಾಜರ ಕಾರಿಗೆ ಇದು ಹೊಂದುತ್ತದೆ. ಆರು ಟೈರಿನ ಮೇಲೆ ಜೀವಮಾನವಿಡೀ ಬಾಡಿಗೆಗೇ ದುಡಿದದ್ದನ್ನು ಯಾವ ಸಾಲಿನಲ್ಲಿ ನಿಲ್ಲಿಸುವುದು? ಕಂಪನಿ ಮುಖವನ್ನೇ ಕೊಡದ ಗಾಡಿಗೆ ಮೂಲರೂಪ ಯಾವುದು, ಆಚಾರಿಯ ಸುಣ್ಣದ ಗೆರೆಯೇ? ಆರ್‌ಟಿಒ ಕೌಂಟರಿನಾಚೆಯ ಹುಡುಗ ಪಾಪ, ನನ್ನ ಪ್ರಶ್ನೆಗೆ ನಕ್ಕು, ಊಟಕ್ಕೆ ಎದ್ದ.

ಆಯುಧಪೂಜೆಯ ದಿನ ಡ್ರೈವರ್ ಮಾಮನನ್ನು ಕರೆತಂದೆ. ಎಂಬತ್ತು ದಾಟಿದೆ, ಒಂದು ಕಣ್ಣು ಮಂಜು. ಬಾಳೆಕಂಬ ಕಟ್ಟಿ, ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದೆವು. ನಾನು ಉತ್ಸಾಹದಲ್ಲಿ ಹಳೆಯ ಕಾಲವನ್ನು ಹೊಗಳತೊಡಗಿದೆ. 2025ರಿಂದ ತಯಾರಾಗುವ ಲಾರಿಗಳಿಗೆಲ್ಲ ಎ.ಸಿ. ಕ್ಯಾಬಿನ್ನು ಕಡ್ಡಾಯವಂತೆ, ಇನ್ನು ಗಾಳಿ, ಮಳೆ, ಮಣ್ಣಿನ ವಾಸನೆ ಏನೂ ಒಳಗೆ ಬರುವುದಿಲ್ಲ ಎಂದು ಗೊಣಗಿದೆ.

‘ಒಳ್ಳೇದಾಯ್ತು’ ಎಂದರು ಮಾಮ. ಪಂಚೆ ಸರಿಸಿ ಎಡಗಾಲಿನ ಮೀನಖಂಡ ತೋರಿಸಿದರು. ಮೊಣಕಾಲಿನಿಂದ ಕೆಳಗೆ ಒಂದು ಬದಿ ಪೂರಾ ನುಣುಪು, ಒಂದು ಕೂದಲಿಲ್ಲ, ಚರ್ಮ ಸುಟ್ಟ ಕಾಗದದ ಬಣ್ಣ. ‘ಮೂವತ್ತೆರಡು ವರ್ಷ ತಮ್ಮಾ. ನೀನು ಮೇಲೆ ಕಂಬಳಿ ಹಾಸ್ಕೊಂಡು ಮಲಗ್ತಿದ್ದೆ.’

ಏನು ಹೇಳುವುದೆಂದು ತಿಳಿಯದೆ ಬಾಗಿಲು ತೆರೆದೆ. ಕೈ ಹಿಡಿದು ಹತ್ತಿಸಿದೆ. ಸೀಟಿನಲ್ಲಿ ಕೂತರು, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಅಂಗಳದ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದರು. ಎಂಜಿನ್ನು ಇನ್ನೂ ಶುರು ಮಾಡಿರಲಿಲ್ಲ. ಬೆಳಗಿನ ತಂಪಿಗೆ ಮುಚ್ಚಳ ತಣ್ಣಗೆ ಕೊರೆಯುತ್ತಿತ್ತು. ಆದರೂ ಅವರ ಎಡಗಾಲು ತಾನಾಗಿಯೇ ಒಂದು ಗೇಣು ಈಚೆಗೆ ಸರಿದುಕೊಂಡು ಕೂತಿತು.