ಶ್ರೀಕಾಂತನ ಸರ್ವೀಸ್ ರಿಜಿಸ್ಟರ್

ನಮ್ಮ ಸಿ.ಐ.ಡಿ. 999ಗೆ ಹೆಂಡತಿ ಇರಲಿಲ್ಲ, ಹಾಲಿನವನ ಬಾಕಿ ಇರಲಿಲ್ಲ, ಮಕ್ಕಳ ಶಾಲೆಯಿಂದ ಕರೆ ಬರುತ್ತಿರಲಿಲ್ಲ. 1968ರಲ್ಲಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಈ ಗೂಢಚಾರನಾಗಿ ಪಿಸ್ತೂಲು ಹಿಡಿದು ಬಂದಾಗ ಇವರ ಸಂಬಳ ಎಷ್ಟು ಅಂತ ಟೆಂಟಿನಲ್ಲಿ ಕೂತವರು ಯಾರೂ ಕೇಳಲಿಲ್ಲ. ದೊರೈ–ಭಗವಾನ್ ನಿರ್ದೇಶಕ ಜೋಡಿ ಅದೇ ವರ್ಷ ಅವರನ್ನು ಗೋವಾಕ್ಕೆ ಕಳಿಸಿತು, ಮರುವರ್ಷ ಆಪರೇಷನ್ ಜಾಕ್‌ಪಾಟ್‌ಗೆ ಹಚ್ಚಿತು, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಇಂಗ್ಲಿಷ್ ಹಾಡನ್ನೂ ಹಾಡಿಸಿತು. ಇಷ್ಟೆಲ್ಲ ಓಡಾಟದ ಟಿ.ಎ. ಬಿಲ್ಲು ಯಾರು ಪಾಸು ಮಾಡಿದರು? ಆ ಪ್ರಶ್ನೆ ಕನ್ನಡದ ಪ್ರೇಕ್ಷಕನಿಗೆ ಹೊಳೆಯಲೇ ಇಲ್ಲ. ಭಾರತ ಸರ್ಕಾರ ‘ರಾ’ ಎಂಬ ಗುಪ್ತಚರ ಸಂಸ್ಥೆಯನ್ನು ತೆರೆದದ್ದೂ 1968ರಲ್ಲೇ. ಅದರ ಬಗ್ಗೆ ಟೆಂಟಿನವರಿಗೆ ಏನೂ ಗೊತ್ತಿರಲಿಲ್ಲ. ರಾಜಣ್ಣ ಇದ್ದಾರಲ್ಲ, ಸಾಕು.

ಹೊಳೆದದ್ದು ‘ದಿ ಫ್ಯಾಮಿಲಿ ಮ್ಯಾನ್’ ಬಂದ ಮೇಲೆ. 2019ರ ಸೆಪ್ಟೆಂಬರಿನಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಶುರುವಾದ ಈ ಧಾರಾವಾಹಿಯ ಶ್ರೀಕಾಂತ್ ತಿವಾರಿ, ಅಂದರೆ ಮನೋಜ್ ಬಾಜಪೇಯಿ, ‘ಟಾಸ್ಕ್’ ಎಂಬ ಕಾಲ್ಪನಿಕ ಗುಪ್ತಚರ ಘಟಕದ ನೌಕರ. ಹೊರಗೆ ಬಾಂಬು ಇಡುವವರ ಬೆನ್ನು ಹತ್ತುತ್ತಾನೆ. ಮನೆಯವರ ಲೆಕ್ಕದಲ್ಲಿ ಸರ್ಕಾರಿ ಕಚೇರಿಯಲ್ಲಿ ಫೈಲು ತಿರುವಿ ಹಾಕುವವನು. ಮಗಳ ಶಾಲೆಗೆ ಹೋಗಿ ಪ್ರಿನ್ಸಿಪಾಲರ ಕೈಲಿ ಮಾತು ಕೇಳುತ್ತಾನೆ, ಹೆಂಡತಿಯ ಫೋನಿಗೆ ಸುಳ್ಳು ಹೇಳುತ್ತಾನೆ, ಹೇಳಿದ ಹೊತ್ತಿಗೆ ಎಲ್ಲಿಗೂ ತಲುಪುವುದಿಲ್ಲ. ರಾಜ್ ಮತ್ತು ಡಿ.ಕೆ. ಎಂಬ ನಿರ್ದೇಶಕರಿಬ್ಬರು ಗೂಢಚಾರನ ಮನೆ ಬಾಗಿಲನ್ನು ತೆಗೆದುಬಿಟ್ಟರು. ಬಾಗಿಲು ತೆಗೆದ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ? ದೇಶದ ಭದ್ರತೆಯನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಸೀದಾ ಅಡುಗೆಮನೆಗೆ ನಡೆದರು.

ನಮ್ಮ ಮನೆಯವರು ನಡೆದದ್ದು 2021ರ ಜೂನ್‌ನಲ್ಲಿ, ಎರಡನೆಯ ಸೀಸನ್ ಬಂದಾಗ. ಲಾಕ್‌ಡೌನ್ ಇನ್ನೂ ತೆರವಾಗಿರಲಿಲ್ಲ. ದಾಸರಹಳ್ಳಿಯ ನಮ್ಮ ಮನೆಯಲ್ಲಿ ಟಿ.ವಿ. ಇರುವುದು ಒಂದೇ ಕೋಣೆಯಲ್ಲಿ. ಅತ್ತೆ ಮಂಚದ ಮೇಲೆ, ಮಾವ ಕುರ್ಚಿಯಲ್ಲಿ, ನಮ್ಮವರು ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡೇ ಬಾಗಿಲ ಬಳಿ, ನಾನು ಕಾಳು ಬಿಡಿಸುತ್ತ ನೆಲದ ಮೇಲೆ. ಮಗಳು ಅನುವಾದಕಿ. ಹಿಂದಿ ಸಂಭಾಷಣೆಯನ್ನು ಅವಳು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ಶ್ರೀಕಾಂತನ ಬಾಯಿ ಅಷ್ಟು ಮಡಿಯದಲ್ಲ. ಅವನು ಅರ್ಧ ನಿಮಿಷ ಉಗಿದರೂ ನಮ್ಮ ಹುಡುಗಿ “ಬೈತಿದಾನೆ ಅಜ್ಜಿ” ಎಂದು ಎರಡು ಪದದಲ್ಲಿ ಮುಗಿಸುತ್ತಿದ್ದಳು. “ಇಷ್ಟು ಹೊತ್ತು ಮಾತಾಡ್ದ, ನೀನು ಇಷ್ಟೇ ಹೇಳ್ತೀಯಲ್ಲೇ” ಎಂದು ಅತ್ತೆಗೆ ಅನುಮಾನ.

ಆದರೆ ಎರಡನೆಯ ಸೀಸನ್ನಿನ ಕಥೆ ಚೆನ್ನೈಗೆ ಹೋಯಿತು, ಅರ್ಧಕ್ಕರ್ಧ ಮಾತು ತಮಿಳಾಯಿತು. ಅತ್ತೆ ಹುಟ್ಟಿ ಬೆಳೆದದ್ದು ಶ್ರೀರಾಮಪುರದಲ್ಲಿ. ನಲ್ಲಿ ನೀರಿನ ಸಾಲಿನಲ್ಲಿ ನಿಂತು ತಮಿಳು ಕಲಿತವರು. ನಾವೆಲ್ಲ ಅಡಿಯಲ್ಲಿ ಓಡುವ ಇಂಗ್ಲಿಷ್ ಅಕ್ಷರ ಓದಿ ಮುಗಿಸುವ ಮೊದಲೇ ಅವರು ನಕ್ಕು ಮುಗಿಸಿರುತ್ತಿದ್ದರು. ಮಗಳ ಕೆಲಸ ಹೋಯಿತು. ಈಗ ಅಜ್ಜಿ ಅನುವಾದಕಿ, ಮತ್ತು ಅಜ್ಜಿ ಯಾವ ಬೈಗುಳವನ್ನೂ ಬಿಡುತ್ತಿರಲಿಲ್ಲ.

ಮಾವನವರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅವರು ಖಜಾನೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಖಜಾನೆ ಅಂದರೆ ಬರೀ ಬಿಲ್ಲು, ಚೆಕ್ಕು ಅಂದುಕೊಂಡಿದ್ದರೆ ತಿದ್ದಿಕೊಳ್ಳಿ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪ್ರಶ್ನೆಪತ್ರಿಕೆಗಳ ಕಟ್ಟು ಬಂದು ಕೂರುವುದು ಖಜಾನೆಯ ಸ್ಟ್ರಾಂಗ್ ರೂಮಿನಲ್ಲಿ. ಡಬಲ್ ಲಾಕ್, ಹೊರಗೆ ಪೊಲೀಸ್ ಕಾವಲು, ಪರೀಕ್ಷೆಯ ಬೆಳಿಗ್ಗೆ ಮಾರ್ಗಾಧಿಕಾರಿಗಳ ಸಹಿ ಪಡೆದು ಕಟ್ಟುಗಳ ಹಸ್ತಾಂತರ. ತುಮಕೂರು ಜಿಲ್ಲೆಯ ಒಂದು ಉಪ ಖಜಾನೆಯಲ್ಲಿ ಮಾವ ಒಂದು ಬೀಗದ ಕೈಯ ಯಜಮಾನರಾಗಿದ್ದ ಕಾಲಕ್ಕೆ ಸರಿಯಾಗಿ ಅವರ ಮಗ, ಅಂದರೆ ನಮ್ಮವರು, ಎಸ್ಸೆಸ್ಸೆಲ್ಸಿಗೆ ಬಂದರು. ಆ ತಿಂಗಳು ಮನೆಗೆ ನೆಂಟರ ಕಾಟ. ಎಂದೂ ಬಾರದವರು ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದು “ಈ ಸಲ ಗಣಿತ ಕಷ್ಟವಂತೆ, ಹೌದಾ?” ಎಂದು ಮಾವನ ಮುಖವನ್ನೇ ನೋಡುವರಂತೆ. ಮಾವ “ಹಣ್ಣು ಎಲ್ಲಿ ತಗೊಂಡ್ರಿ?” ಎಂದು ಕೇಳುವರಂತೆ. ಮುಚ್ಚಿದ ಕಟ್ಟಿನೊಳಗೆ ಏನಿದೆಯೆಂದು ಅವರಿಗೂ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು. ಆದರೆ ಗೊತ್ತಿಲ್ಲ ಎಂದೂ ಅವರು ಬಾಯಿಬಿಡಲಿಲ್ಲ. ಅಪ್ಪ ಕಾವಲಿದ್ದ ಗಣಿತದಲ್ಲಿ ಮಗ 38 ತೆಗೆದರು. ಅತ್ತೆ ಅದನ್ನು ಇವತ್ತಿಗೂ ಕ್ಷಮಿಸಿಲ್ಲ, ಮಗನನ್ನಲ್ಲ, ಗಂಡನನ್ನು. 2016ರ ಮಾರ್ಚಿನಲ್ಲಿ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪತ್ರಿಕೆ ಒಂದೇ ತಿಂಗಳಲ್ಲಿ ಎರಡು ಸಲ ಸೋರಿದಾಗ, ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದ ಮಾವ ಎರಡು ಹೊತ್ತು ಊಟ ಬಿಟ್ಟರು.

ಇಂಥವರು ಶ್ರೀಕಾಂತನನ್ನು ನೋಡಲು ಕೂತರೆ ಅವರ ಕಣ್ಣು ಎಲ್ಲಿರುತ್ತದೆ? ಗುಂಡಿನ ಚಕಮಕಿಯಲ್ಲಿ ಇರುವುದಿಲ್ಲ. ಎರಡನೆಯ ಸೀಸನ್ನಿನ ಶುರುವಿಗೆ ಶ್ರೀಕಾಂತ ಟಾಸ್ಕ್ ಬಿಟ್ಟು ಐ.ಟಿ. ಕಂಪನಿ ಸೇರಿರುತ್ತಾನೆ. ಮಾವ ಕುರ್ಚಿಯಲ್ಲಿ ನೆಟ್ಟಗಾದರು. “ರಾಜೀನಾಮೆನೋ, ವಿ.ಆರ್.ಎಸ್.ಓ? ವಿ.ಆರ್.ಎಸ್.ಗೆ ಇಪ್ಪತ್ತು ವರ್ಷ ಸರ್ವೀಸ್ ಆಗಿರಬೇಕು. ಇವನಿಗೆ ಆಗಿದೆಯೋ ಇಲ್ವೋ? ಯಾವಾಗ ಸೇರಿದ್ದು ಇವನು?” ಯಾರೂ ಉತ್ತರಿಸಲಿಲ್ಲ. ಪರದೆಯ ಮೇಲೆ ಯಾರೋ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದರು. “2004ರ ಜನವರಿ ಒಂದಕ್ಕೆ ಮುಂಚೆ ಸೇರಿದ್ರೆ ಹಳೇ ಪಿಂಚಣಿ, ಆಮೇಲೆ ಸೇರಿದ್ರೆ ಎನ್.ಪಿ.ಎಸ್. ನಮ್ಮ ರಾಜ್ಯದಲ್ಲಾದ್ರೆ 2006ರ ಏಪ್ರಿಲ್ ಒಂದು, ಇವನು ಸೆಂಟ್ರಲ್ಲು. ರಾಜೀನಾಮೆ ಕೊಟ್ಟಿದ್ರೆ ಹಿಂದಿನ ಸರ್ವೀಸೆಲ್ಲ ಹೋಯ್ತು. ಇಬ್ಬರು ಮಕ್ಕಳನ್ನ ಇಟ್ಕೊಂಡು ಇಂಥ ಕೆಲಸ ಮಾಡೋದಾ?” ದೇಶದ ಪ್ರಧಾನಿಯ ಮೇಲೆ ದಾಳಿಯ ಸಂಚು ನಡೆದಿತ್ತು. ಮಾವನವರಿಗೆ ಅದಕ್ಕಿಂತ ದೊಡ್ಡ ಅನಾಹುತ ಕಂಡಿತ್ತು.

ನಮ್ಮವರ ಅಭಿಪ್ರಾಯ ಬೇಗ ಹೇಳಿ ಮುಗಿಸಬಹುದು. ಐ.ಟಿ. ಕಂಪನಿಯಲ್ಲಿ ಶ್ರೀಕಾಂತನಿಗೆ ಮಗನ ವಯಸ್ಸಿನ ಒಬ್ಬ ಬಾಸ್. ‘ಮಿನಿಮಮ್ ಗೈ’ ಆಗಬೇಡ ಎಂದು ದಿನಾ ಉಪದೇಶ. ಒಂದು ದಿನ ಶ್ರೀಕಾಂತ ಆ ಬಾಸಿಗೆ ಕೈಯಿಂದಲೇ ಉತ್ತರ ಕೊಡುತ್ತಾನೆ. ನಮ್ಮವರು ಹೆಡ್‌ಸೆಟ್ ತೆಗೆದು ಪಕ್ಕಕ್ಕಿಟ್ಟರು. ರಿಮೋಟಿನಲ್ಲಿ ಹಿಂದಕ್ಕೆ ಹೋಗಿ ಆ ದೃಶ್ಯವನ್ನು ಮತ್ತೆ ನೋಡಿದರು. “ಚೆನ್ನಾಗಿ ತೆಗೆದಿದ್ದಾರೆ” ಎಂದರು. ಒಂಬತ್ತು ಕಂತಿನಲ್ಲಿ ಅವರು ಹೇಳಿದ್ದು ಇಷ್ಟೇ.

ಇನ್ನು ಲೋಣಾವಳ. ಮುಂಬೈ–ಪುಣೆ ದಾರಿಯ ಈ ಗಿರಿಧಾಮ ಅಲ್ಲಿಯವರೆಗೆ ಚಿಕ್ಕಿಗೆ ಹೆಸರಾಗಿತ್ತು. ಮೊದಲ ಸೀಸನ್ನಿನಲ್ಲಿ ಶ್ರೀಕಾಂತನ ಹೆಂಡತಿ ಸುಚಿ ಸಹೋದ್ಯೋಗಿ ಅರವಿಂದನ ಜೊತೆ ಕೆಲಸದ ಮೇಲೆ ಅಲ್ಲಿಗೆ ಹೋಗುತ್ತಾಳೆ, ರಾತ್ರಿ ಹೋಟೆಲಿನಲ್ಲಿ ಉಳಿಯುವ ಹಾಗಾಗುತ್ತದೆ, ಮುಂದಿನದನ್ನು ತೋರಿಸುವುದಿಲ್ಲ. ದಿಲ್ಲಿಯ ಮೇಲೆ ವಿಷಾನಿಲ ಬಿಡುವ ಸಂಚು ಏನಾಯಿತು ಎಂದು ತಲೆ ಕೆಡಿಸಿಕೊಂಡವರು ಕಡಿಮೆ, ಲೋಣಾವಳದಲ್ಲಿ ಏನಾಯಿತು ಎಂದು ಇಡೀ ದೇಶ ಕೇಳಿತು. ಎರಡನೆಯ ಸೀಸನ್ನಿನ ಕೊನೆಗೆ ಸುಚಿ ಗಂಡನೆದುರು ಬಾಯಿ ತೆರೆಯುವ ಹೊತ್ತಿಗೆ ಕತ್ತರಿಸಿಬಿಟ್ಟರು. ಸುಚಿಯಾಗಿದ್ದ ಪ್ರಿಯಾಮಣಿಗೆ ಜನ ಬೈದು ಸಂದೇಶ ಕಳಿಸಿದರಂತೆ. ಬರೆದವರನ್ನು ಬಿಟ್ಟು ನಟಿಯನ್ನು ಬೈಯುವ ನಮ್ಮ ಪದ್ಧತಿ ಹಳೆಯದು.

ಪ್ರಿಯಾಮಣಿ ಬೆಳೆದದ್ದು ಬೆಂಗಳೂರಿನಲ್ಲಿ. ‘ರಾಮ್’ ಚಿತ್ರದಲ್ಲಿ ಪುನೀತ್ ಜೊತೆ ಕುಣಿದಿದ್ದಳಲ್ಲ ಎಂದು ಅತ್ತೆ ಮೊದಲ ದಿನವೇ ಗುರುತು ಹಿಡಿದಿದ್ದರು. ಅಪ್ಪು ಆಗ ಇನ್ನೂ ಇದ್ದರು. ಹಾಗಾಗಿ ಸುಚಿ ನಮ್ಮ ಮನೆಯಲ್ಲಿ ಊರ ಹುಡುಗಿ, ವಿಚಾರಣೆ ಮನೆಮಂದಿಯೆದುರೇ ನಡೆಯಬೇಕು. ನಮ್ಮವರು ಮುಖ ಗಂಟಿಕ್ಕಿದರು. ಮಗಳು “ಅದು ಅವಳಿಷ್ಟ” ಎಂದಳು. ಹಾಗೆನ್ನಬಹುದೇ ಎಂದು ನಾನು ಯೋಚಿಸುತ್ತಿದ್ದಾಗ ಅತ್ತೆಯ ತೀರ್ಪು ಬಂತು.

“ಏನಾದ್ರೂ ಆಗಿರ್ಲಿ. ಗಂಡ ಅನ್ನೋನು ಎಲ್ಲಿಗೆ ಹೋಗ್ತಾನೆ ಹೇಳಲ್ಲ, ಯಾವಾಗ ಬರ್ತಾನೆ ಹೇಳಲ್ಲ. ಅವಳು ಯಾರ ಹತ್ರ ಮಾತಾಡ್ಬೇಕು, ಫ್ರಿಜ್ ಹತ್ರಾನಾ? ಮಾರ್ಚ್ ಮೂವತ್ತೊಂದು ಬಂತು ಅಂದ್ರೆ ಇವರೂ ರಾತ್ರಿಯೆಲ್ಲ ಆಫೀಸಲ್ಲೇ. ಏನ್ರೀ ಸಮಾಚಾರ ಅಂದ್ರೆ ಆಫೀಸು ವಿಷಯ ಅನ್ನೋರು. ಅವಳನ್ನ ಲೋಣಾವಳಕ್ಕಾದ್ರೂ ಯಾರೋ ಕರ್ಕೊಂಡು ಹೋದ. ತುಮಕೂರಲ್ಲಿ ಅಷ್ಟು ವರ್ಷ ಇದ್ರೂ ನನ್ನ ದೇವರಾಯನದುರ್ಗ ಹತ್ತಿಸಲಿಲ್ಲ ಈ ಮನುಷ್ಯ.”

ಮಾವ ಟಿ.ವಿ.ಯ ಸದ್ದು ಜಾಸ್ತಿ ಮಾಡಿದರು.

ಎದುರು ಮನೆಯ ಅಕ್ಕ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿ ಬಿಟ್ಟವರು. ತಮ್ಮ ಮಗನ ಫೋನಿನಲ್ಲಿ ನೋಡಿ, ಸಂಜೆ ಕಾಂಪೌಂಡಿನ ಆಚೆ ನಿಂತು ಅಭಿಪ್ರಾಯ ಹೇಳುವರು. ಎರಡನೆಯ ಸೀಸನ್ನಿನ ರಾಜಿ, ಅಂದರೆ ಸಮಂತಾ, ಶ್ರೀಲಂಕಾದ ತಮಿಳು ಹೋರಾಟಗಾರ್ತಿ. ಚೆನ್ನೈಯಲ್ಲಿ ಗಿರಣಿ ಕೆಲಸದವಳಾಗಿ ತಲೆಮರೆಸಿಕೊಂಡಿರುತ್ತಾಳೆ. ಈಳಂ ತಮಿಳರನ್ನು ಕೆಟ್ಟದಾಗಿ ತೋರಿಸಿದ್ದಾರೆಂದು ತಮಿಳುನಾಡು ಸರ್ಕಾರ ಪ್ರಸಾರಕ್ಕೆ ಮುಂಚೆಯೇ ಕೇಂದ್ರಕ್ಕೆ ಪತ್ರ ಬರೆದಿತ್ತು. ನಟಿಯ ಮುಖಕ್ಕೆ ಕಪ್ಪು ಬಳಿದದ್ದೂ ಟೀಕೆಗೆ ಗುರಿಯಾಯಿತು, ಅದು ನನಗೂ ಸರಿಕಾಣಲಿಲ್ಲ. ಅಕ್ಕನಿಗೆ ಈ ಗಲಾಟೆಯ ಸುದ್ದಿಯೇ ಇರಲಿಲ್ಲ. ಅವರು ನೋಡಿದ್ದು ತುಂಬಿದ ಬಸ್ಸಿನಲ್ಲಿ ರಾಜಿಯ ಮೈಮೇಲೆ ಬೀಳುವ ಗಂಡಸನ್ನು, ಕೆಲಸದ ಜಾಗದಲ್ಲಿ ಕಾಡುವ ಮೇಲಿನವನನ್ನು. “ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ಟು, ಆಗ್ಲಿಲ್ಲ ಅಂದ್ರೆ ಸೂಪರ್‌ವೈಸರ್ ಬಾಯಿ. ಸಂಜೆ ಬಸ್ಸಲ್ಲಿ ಇನ್ನೊಬ್ಬ. ಅವಳ ಹತ್ರ ಚಾಕು ಇತ್ತು. ನಮ್ ಹತ್ರ ಇದು” ಎಂದು ಸೆರಗಿನ ಪಿನ್ನನ್ನು ಬಿಚ್ಚಿ ತೋರಿಸಿದರು. ಮತ್ತೆ ಹಾಕಿಕೊಳ್ಳುತ್ತ, “ಒಂದಿನ ಮೂಳೆವರೆಗೂ ಹೋಯ್ತು ಅನ್ಸುತ್ತೆ” ಎಂದು ನಕ್ಕರು. ಆ ಧಾರಾವಾಹಿಯ ಬಗ್ಗೆ ಪತ್ರಿಕೆಗಳಲ್ಲಿ ಓದಿದ ಯಾವ ವಿಮರ್ಶೆಯೂ ನನಗೆ ಇಷ್ಟು ನೆನಪಿನಲ್ಲಿ ಉಳಿದಿಲ್ಲ.

ಚೆಲ್ಲಂ ಸರ್ ಮಾತ್ರ ತಕರಾರಿಲ್ಲದೆ ಪಾಸಾದರು. ಉದಯ್ ಮಹೇಶ್ ಮಾಡಿದ ಈ ನಿವೃತ್ತ ಏಜೆಂಟ್ ಪರದೆಯ ಮೇಲಿರುವುದು ಕೆಲವೇ ನಿಮಿಷ. ಏನು ಕೇಳಿದರೂ ಅವರಿಗೆ ಗೊತ್ತು, ಕೇಳಿದ್ದಷ್ಟಕ್ಕೇ ಉತ್ತರ. ದೇಶಾದ್ಯಂತ ಅವರ ಮೇಲೆ ತಮಾಷೆ ಹುಟ್ಟಿತು. ಮಾವ ಒಬ್ಬರೇ ನಗದೆ ತಲೆಯಾಡಿಸಿದರು. “ಇವರದು ಹಳೇ ಪಿಂಚಣಿ, ಮುಖದಲ್ಲೇ ಗೊತ್ತಾಗುತ್ತೆ.”

ಮೂರನೆಯ ಸೀಸನ್ 2025ರ ನವೆಂಬರಿನಲ್ಲಿ ಬಂತು. ಈಶಾನ್ಯ ಭಾರತದ ಕಥೆ, ಜೈದೀಪ್ ಅಹ್ಲಾವತ್ ಖಳ, ಬರೀ ಏಳು ಕಂತು. ಇದ್ದಕ್ಕಿದ್ದಂತೆ ನಿಂತುಹೋಯಿತು ಎಂದು ನೋಡಿದವರೆಲ್ಲ ಗೊಣಗಿದರು, ನನ್ನದೂ ಅದೇ ದೂರು. ಆದರೆ ಗೊಣಗಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಮಗಳು ಹಾಸ್ಟೆಲಿನಲ್ಲಿ ಅವಳ ಲ್ಯಾಪ್‌ಟಾಪಿನಲ್ಲಿ ನೋಡಿದಳು. ನಮ್ಮವರು ಮೆಟ್ರೋದಲ್ಲಿ ಹೋಗುತ್ತ ಬರುತ್ತ ಫೋನಿನಲ್ಲಿ ನೋಡಿ ಮುಗಿಸಿದ್ದರು, ಕೇಳಿದರೆ “ಪರವಾಗಿಲ್ಲ” ಎಂದರು. ಎದುರು ಮನೆಯ ಅಕ್ಕ ಊರು ಸೇರಿದ್ದಾರೆ. ಮಾವ ಈ ಸೀಸನ್ ಬರುವ ಎರಡು ವರ್ಷ ಮುಂಚೆಯೇ ತೀರಿಕೊಂಡಿದ್ದರು. ಅತ್ತೆಗೆ ಕುಟುಂಬ ಪಿಂಚಣಿ ಮಂಜೂರಾಗುವಾಗ ಒಂದು ಕಾಗದಕ್ಕೂ ಓಡಾಡಬೇಕಾಗಲಿಲ್ಲ. ಎಲ್ಲವನ್ನೂ ಪಾರದರ್ಶಕ ಕವರಿನಲ್ಲಿ ತಾರೀಕಿನ ಪ್ರಕಾರ ಜೋಡಿಸಿಟ್ಟು ಹೋಗಿದ್ದರು.

ಅತ್ತೆ ಮತ್ತು ನಾನು ಇಬ್ಬರೇ ಟಿ.ವಿ.ಯಲ್ಲಿ ನೋಡಿದೆವು. ಈ ಸಲ ಶ್ರೀಕಾಂತನ ಮೇಲೆಯೇ ಗುಮಾನಿ ಬಂದು ಅವನ ಇಲಾಖೆಯವರೇ ಅವನನ್ನು ಹುಡುಕುತ್ತಾರೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಓಡುತ್ತಾನೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಖಾಲಿ ಕುರ್ಚಿಯ ಕಡೆಗಲ್ಲ, ನನ್ನ ಕಡೆ ತಿರುಗಿ ಕೇಳಿದರು: “ಸಸ್ಪೆಂಡ್ ಮಾಡಿದ್ರೆ ಅರ್ಧ ಸಂಬಳ ಜೀವನಾಧಾರ ಭತ್ಯೆ ಅಂತ ಕೊಡ್ತಾರಲ್ಲ, ಓಡಿಹೋದೋನಿಗೂ ಕೊಡ್ತಾರಾ?”

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಇರಲಿಲ್ಲ.

ಆದ್ದರಿಂದ ರಾಜ್ ಮತ್ತು ಡಿ.ಕೆ. ಅವರಲ್ಲಿ ನಮ್ಮ ಮನೆಯ ಪರವಾಗಿ ಒಂದು ಅರಿಕೆ. ಖಳ ಯಾರಾದರೂ ಆಗಿರಲಿ, ದೇಶವನ್ನು ನೀವು ಹೇಗೂ ಉಳಿಸುತ್ತೀರಿ. ಲೋಣಾವಳದ ವಿಷಯವನ್ನು ಅತ್ತೆ ಮಾಫಿ ಮಾಡಿದ್ದಾರೆ, ಅದನ್ನು ಹೇಳದಿದ್ದರೂ ನಡೆಯುತ್ತದೆ. ಮುಂದಿನ ಸಲ ಯಾವುದಾದರೂ ದೃಶ್ಯದಲ್ಲಿ ಶ್ರೀಕಾಂತನ ಸರ್ವೀಸ್ ರಿಜಿಸ್ಟರ್ ಮೇಜಿನ ಮೇಲೆ ತೆರೆದಿಟ್ಟಿರಲಿ, ಕೆಲಸಕ್ಕೆ ಸೇರಿದ ತಾರೀಕು ಓದಲು ಬರುವ ಹಾಗೆ.