ಒಂದೇ ಅಂಕಿ, ಬೇರೆ ಮನೆತನ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದ ಆದೋನಿಯಲ್ಲಿ, ಮನೆಯೊಳಗೆ ಕನ್ನಡವನ್ನೂ ಪೇಟೆಯಲ್ಲಿ ತೆಲುಗನ್ನೂ ಆಡುವ ಕುಟುಂಬಗಳು ಇಂದಿಗೂ ಇವೆ. ಅಂಥದೊಂದು ಮನೆಗೆ, ಚುನಾವಣೆ ಮುಗಿದ ಬಳಿಕ, ಠಾಣೆಗೆ ಒಪ್ಪಿಸಿದ್ದ ಎರಡು ಪರವಾನಗಿ ಆಯುಧಗಳು ಮರಳಿದವು: ಹತ್ತಿ ವ್ಯಾಪಾರಿಯಾದ ಹಿರಿಯರ ಹಳೆಯ ರಿವಾಲ್ವರ್, ಮಗನ ಹೊಸ ಪಿಸ್ತೂಲು. ತೋಟಾಗಳ ಎರಡು ಪೆಟ್ಟಿಗೆಗಳ ಮೇಲೂ ‘.32’ ಎಂದೇ ಇತ್ತು. ಮಗನು ಪಿಸ್ತೂಲಿನ ತೋಟಾವೊಂದನ್ನು ರಿವಾಲ್ವರಿನ ಗೂಡಿಗೆ ಇಳಿಸಿದನು. ಅದು ಅಡ್ಡಿಯಿಲ್ಲದೆ ಕುಳಿತಿತು.

“ತೆಗಿ ಅದನ್ನ” ಎಂದರು ಹಿರಿಯರು.

ಬಳ್ಳಾರಿಯಲ್ಲಿ ಐಚ್ಛಿಕ ಕನ್ನಡ ಓದುತ್ತಿದ್ದ ಮೊಮ್ಮಗಳು ಕೇಳಿದಳು: “ಗಿಡ್ಡ ತೋಟಾ ಉದ್ದ ಗೂಡಿನಾಗ ಕುಂತರೆ ಏನಾಗತೈತಿ ತಾತ?”

“ಗಿಡ್ಡ ಇದ್ದರ ಸಾಲದವ್ವ, ಅದೇ ಮನೆತನದ್ದಾಗಿರಬೇಕು.”

ಹಿರಿಯರ ಮಾತು ಶಾಸ್ತ್ರಸಮ್ಮತವಾದುದು. ‘.38 ಸ್ಪೆಷಲ್’ ತೋಟಾದ ಕೋಶವನ್ನೇ ಸುಮಾರು 3 ಮಿಲಿಮೀಟರ್ ಉದ್ದಗೊಳಿಸಿ, 1930ರ ದಶಕದಲ್ಲಿ ಬಲಿಷ್ಠವಾದ ‘.357 ಮ್ಯಾಗ್ನಂ’ ಅನ್ನು ರೂಪಿಸಲಾಯಿತು. ಹೊಸ ತೋಟಾ ಹಳೆಯ, ದುರ್ಬಲ ಆಯುಧದಲ್ಲಿ ಹಿಡಿಸಬಾರದೆಂಬುದೇ ಆ ಉದ್ದದ ಉದ್ದೇಶ. ಆದ್ದರಿಂದ ಮ್ಯಾಗ್ನಂ ರಿವಾಲ್ವರಿನಲ್ಲಿ ಸ್ಪೆಷಲ್ ನಿರಪಾಯವಾಗಿ ಸಿಡಿಯುತ್ತದೆ, ಕೈಗೆ ಬೀಳುವ ಒದೆತವೂ ಕಡಿಮೆ. ಆದರೆ ಗಿಡ್ಡ ಕೋಶದ ಬಾಯಿಯ ಮುಂದೆ ಮಸಿಯ ಉಂಗುರ ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆಯದಿದ್ದರೆ ಮುಂದೆ ಉದ್ದನೆಯ ತೋಟಾ ಪೂರ್ತಿ ಕೂರದು. 1878ರ ‘.32 ಎಸ್ ಆ್ಯಂಡ್ ಡಬ್ಲ್ಯು’ಗೂ 1896ರ ‘.32 ಲಾಂಗ್’ಗೂ ಇಂಥದೇ ಬಾಂಧವ್ಯ.

ಪಿಸ್ತೂಲಿನ ‘.32 ಎಸಿಪಿ’ಯ ಸಂಗತಿ ಬೇರೆ. ಜಾನ್ ಬ್ರೌನಿಂಗ್ ಅದನ್ನು ಸ್ವಯಂಚಾಲಿತ ಪಿಸ್ತೂಲಿಗಾಗಿಯೇ ರೂಪಿಸಿದನು. ಲಾಂಗ್‌ನ ಕೋಶ 23 ಮಿಲಿಮೀಟರ್, ಇದರದು 17. ಆದರೆ ಒತ್ತಡದ ಮಿತಿ ಲಾಂಗ್‌ಗೆ ಚದರ ಅಂಗುಲಕ್ಕೆ 15,000 ಪೌಂಡ್, ಇದಕ್ಕೆ 20,500. ಗಾತ್ರದಲ್ಲಿ ಕಿರಿದು, ಸಿಡಿತದಲ್ಲಿ ಹಿರಿದು. ಹಳೆಯ ರಿವಾಲ್ವರಿನ ಗೂಡು ಅದಕ್ಕೆ ಜಾಗ ಕೊಟ್ಟೀತು. ಅದರ ಒತ್ತಡವನ್ನು ತಾಳೀತೆಂಬ ಭರವಸೆಯಿಲ್ಲ.

ಮೊಮ್ಮಗಳಿಗೆ ಪೇಟೆಯ ಒಂದು ಮಾತು ನೆನಪಾಯಿತು. “ತೆಲುಗಿನ ‘ಅವಸರಂ’ ಇದ್ದಹಾಗ” ಎಂದಳು. ತೆಲುಗಿನಲ್ಲಿ ಅದು ಅಗತ್ಯ. ಕನ್ನಡದಲ್ಲಿ ‘ಅವಸರ’ವೆಂದರೆ ಆತುರ. ಪದವು ವಾಕ್ಯದಲ್ಲಿ ಸಲೀಸಾಗಿ ಕೂರುತ್ತದೆ, ಅರ್ಥ ಮಾತ್ರ ಕೆಡುತ್ತದೆ.

“ಅಲ್ಲಿ ಕೆಟ್ಟರೆ ಮಾತು ತಿದ್ದಬಹುದು. ಇಲ್ಲಿ ಬೆರಳೇ ಹೋಗತಾವ” ಎಂದರು ಹಿರಿಯರು. ಮಗನು ತಲೆ ತಗ್ಗಿಸಿ ತೋಟಾವನ್ನು ಹೊರತೆಗೆದನು.

ಅಂದು ರಾತ್ರಿ ಮೊಮ್ಮಗಳು ಎರಡು ಚೀಟಿ ಬರೆದು ಪೆಟ್ಟಿಗೆಗಳಿಗೆ ಅಂಟಿಸಿದಳು. ಒಂದರ ಮೇಲೆ ‘ತಾತನ ರಿವಾಲ್ವರಿಗೆ’, ಇನ್ನೊಂದರ ಮೇಲೆ ‘ಅಪ್ಪನ ಪಿಸ್ತೂಲಿಗೆ ಮಾತ್ರ’. ಹಿರಿಯರು ಕನ್ನಡಕ ಏರಿಸಿ ಎರಡನ್ನೂ ಓದಿ, ಪೆಟ್ಟಿಗೆಗಳನ್ನು ಬೇರೆ ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕಿದರು.